ಗಾಡಿ ‘ಮಿಸ್ಸಿಂಗ್ ಹೊಡೀತೈತೆ’ ಅಂದರೇನು?

ಮಂಡ್ಯದ ಗ್ಯಾರೇಜಿಗೆ ಹೋಗಿ ‘ಗಾಡಿ ಮಿಸ್ಸಿಂಗ್ ಹೊಡೀತೈತೆ’ ಅಂದರೆ ಒಳ್ಳೆ ಮೆಕ್ಯಾನಿಕ್ ಮೊದಲು ಕೇಳುವುದು ‘ಯಾವಾಗ?’ ಅಂತ. ಅದಕ್ಕೆ ಸರಿಯಾಗಿ ಉತ್ತರ ಹೇಳಿದರೆ ಅರ್ಧ ಕೆಲಸ ಮುಗೀತು.

ಓಡುತ್ತಿರುವ ಇಂಜಿನ್ನಿನಲ್ಲಿ ನಡುನಡುವೆ ಪೆಟ್ರೋಲು ಹೊತ್ತಿಕೊಳ್ಳದೆ ಹೋಗುವುದೇ ಮಿಸ್ಸಿಂಗ್. ಕಿಕ್ಕಿಗೇ ಜಗ್ಗದಿರುವುದು ಬೇರೆ. ಸೈಲೆನ್ಸರಿನಲ್ಲಿ ‘ಢಮ್’ ಅನ್ನುವುದು ಬ್ಯಾಕ್‌ಫೈರ್. ಉರಿಯದೆ ಹೊರಬಿದ್ದ ಪೆಟ್ರೋಲು ಅಲ್ಲಿ ಹೊತ್ತಿಕೊಂಡದ್ದು, ಹಾಗಾಗಿ ಎಷ್ಟೋ ಸಲ ಮಿಸ್ಸಿಂಗ್ ಬೆನ್ನಿಗೇ ಬರುತ್ತದೆ. ಎಲ್ಲಕ್ಕೂ ಮಿಸ್ಸಿಂಗ್ ಅಂದುಬಿಟ್ಟರೆ ಚೆನ್ನಾಗಿರೋ ಕಾಯಿಲನ್ನೇ (ಕಿಡಿಗೆ ಬೇಕಾದ ಕರೆಂಟು ಕೊಡುವ ಸುರುಳಿ) ಬದಲಿಸಿ ದುಡ್ಡು ದಂಡ.

ಮಳೆಯಲ್ಲಿ, ಗಾಡಿ ತೊಳೆದ ಮೇಲೆ ಮಾತ್ರ ಹೊಡೆದರೆ, ಕಿಡಿ ಹಾರಿಸುವ ಪ್ಲಗ್ಗಿನ ಮೇಲೆ ಕೂರುವ ಕ್ಯಾಪ್ ನೋಡಿ. ಒಳಗೆ ಒರೆಸಿ, ವೈರಿನ ತುದಿ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಅಂದರೆ ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಜಾಸ್ತಿಯಾಗಿರಬಹುದು. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರುವುದು ಕಷ್ಟ. ಗ್ಯಾಪ್ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲೇ ಇರುತ್ತದೆ. ಕಣ್ಣಳತೆ ಸಾಲದು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಬೇಕು. ಸ್ಪೀಡಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ಎಳೆತ ಸತ್ತರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಅಂದು ಗಾಡಿ ಸರಿಹೋದರೆ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದೆ. ಬಿಸಿಯಾದಾಗ ಹೊಡೆದು, ತಣ್ಣಗಾದ ಮೇಲೆ ಸುಮ್ಮನಾದರೆ ಕಾಯಿಲ್ ಮೇಲೇ ಮೊದಲ ಅನುಮಾನ.

ಮೈಸೂರಿನ ಹಳೇ ಯೆಜ್ಡಿ ಬೈಕುಗಳ ಮಾತು ಬೇರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಗಾಡಿಗಳು ಇನ್ನೂ ಓಡುತ್ತಿವೆ, ಓಡಲೂ ಬೇಕು. ಟೂ ಸ್ಟ್ರೋಕ್ ಆದ್ದರಿಂದ ನಿಂತಲ್ಲಿ ಒಂದೆರಡು ಏಟು ತಪ್ಪುವುದು ಸಹಜ. ಹಳೇ ಹೊಗೆ ಪೂರ್ತಿ ಹೊರಹೋಗಿರುವುದಿಲ್ಲ, ಅಷ್ಟೇ. ಅದನ್ನು ಸರಿಮಾಡುತ್ತೇವೆ ಅಂತ ಪೆಟ್ರೋಲು ಕಮ್ಮಿ ಮಾಡಿದರೆ ಪಿಸ್ಟನ್ ಸೀಜ್ ಆಗುವ, ಅಂದರೆ ಬಿಸಿಗೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುವ ಅಪಾಯವಿದೆ.

ಓಡುವಾಗಲೂ ತಪ್ಪುತ್ತಿದ್ದರೆ ಪಾಯಿಂಟ್ ಕಡೆ ಬನ್ನಿ, ಪ್ರತಿ ಕಿಡಿಗೂ ಕಾಯಿಲಿನ ಕರೆಂಟು ಕಡಿಯುವ ಸ್ವಿಚ್ಚು ಅದು. ಪೂರ್ತಿ ತೆರೆದಾಗ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು, ಗೇಜಿನ ಎಲೆ ಸ್ವಲ್ಪ ಹಿಡಿದು ಜಾರಬೇಕು. ಇಂಜಿನ್ ಓಡುವಾಗ ಪಾಯಿಂಟಿನ ನಡುವೆ ದಪ್ಪ ಕಿಡಿ ಕಂಡರೆ ಅದನ್ನು ತಡೆಯಬೇಕಾದ ಕಂಡೆನ್ಸರ್ ಹೋಗಿದೆ. ಕಂಡೆನ್ಸರ್ ಬದಲಿಸದೆ ಪಾಯಿಂಟ್ ಮಾತ್ರ ಉಜ್ಜಿದರೆ ಪಾಯಿಂಟ್ ಮತ್ತೆ ಸುಡುತ್ತದೆ. ಗ್ಯಾಪ್ ಮುಟ್ಟಿದ ಮೇಲೆ ಟೈಮಿಂಗನ್ನೂ ನೋಡಲೇಬೇಕು, ಗ್ಯಾಪ್ ಬದಲಾದರೆ ಕಿಡಿ ಬೀಳುವ ಹೊತ್ತೂ ಬದಲಾಗುತ್ತದೆ.