ಹಕ್ಕಿಗೆ ಎರಡೇ ಚಪ್ಪಾಳೆ

ಒತ್ತಕ್ಷರ ಬಂತು ಅಂದರೆ ಸಣ್ಣ ಮಕ್ಕಳ ಓದು ಒಂದು ಸಲ ಗಕ್ಕನೆ ನಿಂತುಬಿಡುತ್ತದೆ. ಅಲ್ಲಿಯವರೆಗೆ 'ಅರಸ', 'ಅಗಸ', 'ಗರಗಸ' ಅಂತ ಸರಾಗವಾಗಿ ಓದಿದವರು, ಕಾಗುಣಿತವನ್ನು ರಾಗ ಹಾಕಿ ಹೇಳಿದವರು, 'ಹಕ್ಕಿ' ಅನ್ನೋ ಪದ ಕಂಡ ಕೂಡಲೇ ತಲೆ ತಗ್ಗಿಸುತ್ತಾರೆ.

ನಾನು ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ, ತಲೆ ಮೇಲೆ ಅವರೇ ಬರೆದ ಚಿತ್ರಗಳು ತೂಗುವ ಚಪ್ಪರ, ಮೂಲೆಯಲ್ಲಿ ಕಾರ್ಡುಗಳ ತಟ್ಟೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಇಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಜೊತೆಗೆ ಐದೇ ಅಕ್ಷರದಲ್ಲಿ ಮಗು ಪದ ಓದಲು ಶುರು ಮಾಡುತ್ತದೆ. ಈ ಕ್ರಮ ನನಗೆ ತುಂಬಾ ಇಷ್ಟ. ಆದರೂ ಒಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ದಸರಾ ರಜೆ ಮುಗಿದು ಮಕ್ಕಳು ವಾಪಸ್ ಬಂದ ವಾರ ಅದು ಏನು ಅಂತ ಚೆನ್ನಾಗಿ ಸ್ಪಷ್ಟವಾಯಿತು.

ಅವತ್ತು ಎರಡನೇ ಕ್ಲಾಸಿನ ಗುಂಪು ನನ್ನ ಸುತ್ತ ಕೂತಿತ್ತು. 'ಹಕ್ಕಿ' ಅಂತ ಬರೆದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು) ಎತ್ತಿ ಹಿಡಿದೆ. ಚಿತ್ರ ಇಲ್ಲ, ಬರೀ ಪದ. ಕುರಿ ಸಾಕುವ ಮನೆಯ ಒಬ್ಬ ಹುಡುಗಿ ಬೆರಳಿಟ್ಟು ಓದಿದಳು: "ಹ... ಕಿ... ಕ. ಹಕಿಕ." ಓದಿ ನನ್ನ ಮುಖ ನೋಡಿದಳು. ಹಾಗೆಂದರೆ ಏನು ಅಂತ ಅವಳಿಗೂ ಗೊತ್ತಾಗಲಿಲ್ಲ. ಪಕ್ಕದವನು ಬೆಕ್ಕನ್ನು 'ಬೆಕುಕ' ಮಾಡಿದ. ಮುದ್ದೆ 'ಮುದೆದ' ಆಯಿತು.

ಇದು ಮಕ್ಕಳ ಅಜಾಗರೂಕತೆ ಅಲ್ಲ. ಅವರು ಕಣ್ಣಿಗೆ ಕಂಡಿದ್ದನ್ನು ಕಂಡ ಹಾಗೇ ಓದುತ್ತಿದ್ದಾರೆ. 'ಹಕ್ಕಿ'ಯಲ್ಲಿ ಗುಡಿಸು ಮೇಲಿನ ಕಕಾರಕ್ಕೆ ಅಂಟಿಕೊಂಡಿದೆ, ಆದರೆ ಬಾಯಲ್ಲಿ 'ಇ' ಬರುವುದು ಕೆಳಗಿನ ಒತ್ತು ಹೇಳಿದ ಮೇಲೆ. ಅಲ್ಲಿವರೆಗೆ ಕಾಗುಣಿತದಲ್ಲಿ ನಾವೇ ಹೇಳಿಕೊಟ್ಟಿದ್ದೇವೆ, ಕಕಾರಕ್ಕೆ ಗುಡಿಸು ಕೊಟ್ಟರೆ 'ಕಿ' ಅಂತ. ಮಗು ಆ ಮಾತಿಗೆ ನಿಷ್ಠೆಯಿಂದ 'ಕಿ' ಅಂದಿತು, ಉಳಿದ ಒತ್ತನ್ನು ಕೊನೆಗೆ ಸೇರಿಸಿತು. ಇದಕ್ಕೆ ಬೈಯುವುದು ನ್ಯಾಯವೇ ಅಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. 34 ವ್ಯಂಜನಕ್ಕೆ ಕಾಗುಣಿತ, ಅದರ ಮೇಲೆ ಒತ್ತು ಅಂತ ಸೇರಿಸುತ್ತಾ ಹೋದರೆ ಮಗುವಿನ ಕಣ್ಣಿಗೆ ಬೀಳುವ ರೂಪಗಳು ನೂರಾರು. ಕನ್ನಡ ಮಕ್ಕಳ ಆರಂಭದ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ನಡೆದೇ ಇರುತ್ತದೆ ಅಂತ ತೋರಿಸಿತು. ಎರಡನೇ ಕ್ಲಾಸಿಗೇ ಎಲ್ಲಾ ಬರಬೇಕು ಅಂತ ಪಟ್ಟು ಹಿಡಿಯುವ ಪೋಷಕರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಕಾರ್ಡನ್ನು ಮಡಿಲಲ್ಲಿ ಮಗುಚಿ ಇಟ್ಟೆ. "ಮರದ ಮೇಲೆ ಕೂತು ಕೂಗ್ತದಲ್ಲ, ಅದನ್ನ ಚಪ್ಪಾಳೆ ತಟ್ಟಿ ಹೇಳಿ" ಅಂದೆ. "ಅಕ್-ಕಿ." ಎರಡು ಚಪ್ಪಾಳೆ. (ನಮ್ಮ ಕಡೆ ಹಕಾರ ಬಾಯಲ್ಲಿ ಕಮ್ಮಿ. ಹಕ್ಕಿಯೂ ಅಕ್ಕಿ, ಊಟದ ಅಕ್ಕಿಯೂ ಅಕ್ಕಿ. ಅದನ್ನು ಅವತ್ತು ತಿದ್ದಲು ಹೋಗಲಿಲ್ಲ. ಒಂದು ಹೊತ್ತಿಗೆ ಒಂದೇ ಕಷ್ಟ ಸಾಕು.) ಆಮೇಲೆ ಕಾರ್ಡು ತಿರುಗಿಸಿ, ನೀನು ಓದಿದ್ದಕ್ಕೂ ಚಪ್ಪಾಳೆ ತಟ್ಟು ಮರಿ ಅಂತ ಆ ಹುಡುಗಿಗೆ ಹೇಳಿದೆ. "ಹ-ಕಿ-ಕ." ಮೂರು. ಅವಳೇ ತಡೆದಳು. "ಮಿಸ್, ಒಂದು ಜಾಸ್ತಿ ಆಯ್ತು!"

ಅಷ್ಟು ಸಾಕಿತ್ತು. ಜಾಸ್ತಿ ಆದ ಚಪ್ಪಾಳೆ ಎಲ್ಲಿಂದ ಬಂತು ಅಂತ ಹುಡುಕಲು ಶುರು ಮಾಡಿದರು. ನಾಲಿಗೆ ಎಲ್ಲಿ ತಡೆಯುತ್ತದೆ ನೋಡಿಕೊಳ್ಳಿ ಅಂದೆ. 'ಹಕ್' ಅಂತ ನಿಲ್ಲಿಸಿ, ಸ್ವಲ್ಪ ಹೊತ್ತು ಬಾಯಿ ಹಾಗೇ ಹಿಡಿದು, ಆಮೇಲೆ 'ಕಿ' ಅನ್ನಿಸಿದೆ. ಹಲಗೆ ಮೇಲೆ ಹ, ಕ್, ಕಿ ಅಂತ ಬಿಡಿಸಿ ಬರೆದು ಮತ್ತೆ ಕೂಡಿಸಿದೆ. ಬೆಕ್ಕಿಗೆ ಎರಡು, ಮುದ್ದೆಗೆ ಎರಡು, ಪುಸ್ತಕಕ್ಕೆ ಮೂರು. 'ಪುಸತಕ' ಅಂದರೆ ನಾಲ್ಕಾಗುತ್ತದೆ ಅಂತ ಅವರವರೇ ಒಬ್ಬರನ್ನೊಬ್ಬರು ಹಿಡಿದರು.

ಆಮೇಲೆ ಮನೆಯ ಪದಗಳನ್ನು ಕೇಳಿದೆ. ಮನೆಯಲ್ಲಿ ಯಾರ‍್ಯಾರು ಇದ್ದಾರೆ ಅಂದೆ, ಹೇಳಿದಂತೆಲ್ಲ ಬರೆದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಮಾವ, ತಂಗಿ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲಾ ಒತ್ತು. ಅಡುಗೆಮನೆಗೆ ಹೋದರೂ ಅದೇ: ಹಿಟ್ಟು, ಸೊಪ್ಪು, ಬೆಲ್ಲ, ಬೆಣ್ಣೆ, ಮಜ್ಜಿಗೆ, ಉಪ್ಪು. ಹೊರಗೆ ಎತ್ತು, ಹುಲ್ಲು, ಕೊಟ್ಟಿಗೆ, ಗದ್ದೆ. ನನ್ನನ್ನು ಕಾಡುತ್ತಿದ್ದದ್ದು ಇದೇ. ಬರೆಯಲು ಸುಲಭವಾದ ಪದಗಳು ಮಗುವಿನ ಬಾಯಲ್ಲಿ ಇಲ್ಲ. ನಮ್ಮೂರಿನ ಯಾವ ಮಗುವೂ ಮನೆಯಲ್ಲಿ 'ಅರಸ' ಅನ್ನುವುದಿಲ್ಲ. ದಿನಾ ಬಾಯಲ್ಲಿರುವ ಪದಗಳಿಗೆಲ್ಲ ಒತ್ತು ಇದೆ, ಒತ್ತು ಬರುವುದೋ ಕಲಿಕಾ ಏಣಿಯ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳ ಕ್ರಮದ, ಮೇಲಿನ ಮೆಟ್ಟಿಲಲ್ಲಿ. ಅಮ್ಮನನ್ನು ಕರೆಯಲು ಕಲಿತ ಎಷ್ಟೋ ವರ್ಷಕ್ಕೆ ಮಗು 'ಅಮ್ಮ' ಓದುತ್ತದೆ. ಏಣಿಯನ್ನು ಬದಲಿಸಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲ ವಾರದಿಂದಲೇ ಅಮ್ಮ, ಅಪ್ಪ, ಅಜ್ಜಿ ಅನ್ನುವ ಪದಗಳನ್ನು ಬಿಡಿಸದೆ, ಇಡಿಯಾಗಿ ಗೋಡೆಗೆ ಅಂಟಿಸಿದರೆ ಏನೂ ಕೆಡುವುದಿಲ್ಲ. ಮಗುವಿನ ಕಣ್ಣು ಅದಕ್ಕೆ ಒಗ್ಗಿರುತ್ತದೆ. ಮುಂದೆ ಒತ್ತು ಬಂದಾಗ ಅದು ಹೊಸದಾಗಿ ಕಾಣುವುದಿಲ್ಲ. ಈಗ ನಾನು ಒಂದನೇ ಕ್ಲಾಸಿಗೆ ಹಾಗೇ ಮಾಡುತ್ತೇನೆ.

ಮಧ್ಯಾಹ್ನ ಊಟ ಆದ ಮೇಲೆ ಆ ಪದಗಳನ್ನೇ ರಟ್ಟಿನ ಪಟ್ಟಿಗಳ ಮೇಲೆ ಬರೆದು ಒಂದು ವಾಕ್ಯ ಜೋಡಿಸಿದೆ: ಅಜ್ಜಿ, ಹಸು, ಗೆ, ಹುಲ್ಲು, ಹಾಕಿದಳು. 'ಗೆ' ಇರುವ ಪಟ್ಟಿಯನ್ನು ಬೇಕಂತಲೇ ಬೇರೆ ಇಟ್ಟು ಓದಿಸಿದೆ. "ಅಜ್ಜಿ ಹಸು ಹುಲ್ಲು ಹಾಕಿದಳು." ಮೂರನೇ ಕ್ಲಾಸಿನವರೂ ತಿರುಗಿ ನೋಡಿದರು. "ಗೆ ಎಲ್ಲೋಯ್ತು ಮಿಸ್?" ತಂದು ಹಸುವಿನ ಪಕ್ಕ ಇಟ್ಟರು. ಇಟ್ಟ ಮೇಲೆ ಬಾಯಿ 'ಹಸುಗೆ' ಅಂತಲೂ, 'ಹಸುವಿಗೆ' ಅಂತಲೂ ಅಂದಿತು. ಎರಡನ್ನೂ ಬರೆದೆ, ಪುಸ್ತಕದಲ್ಲಿ ಎರಡನೆಯದು ಇರುತ್ತದೆ ಅಂತ ಹೇಳಿದೆ. ಆಗ ಒಬ್ಬ ತುಂಟ ಎದ್ದು 'ಗೆ'ಯನ್ನು ಅಜ್ಜಿಯ ಪಕ್ಕಕ್ಕೆ ಇಟ್ಟ, ಹಸುವನ್ನು ಮುಂದೆ ತಂದ. ಹಸು ಅಜ್ಜಿಗೆ ಹುಲ್ಲು! ಕೋಣೆಗೆ ಕೋಣೆಯೇ ನಕ್ಕಿತು. ನಗು ನಿಂತ ಮೇಲೆ ಓದು ಅಂದೆ. ಪಟ್ಟಿಯ ಮೇಲೆ 'ಹಾಕಿದಳು' ಅಂತಲೇ ಇತ್ತು. ಅವನು ಓದಿದ್ದು "ಹಾಕ್ತು." ಯಾರೂ ಹೇಳಿಕೊಟ್ಟಿರಲಿಲ್ಲ. ಲಿಂಗ, ವಿಭಕ್ತಿ, ಕ್ರಿಯಾಪದ ಅಂತ ಮುಂದೆ ನಾವು ಹೆಸರಿಟ್ಟು ಕಲಿಸುವುದೆಲ್ಲ ಏಳು ವರ್ಷದ ಮಗುವಿನ ನಾಲಿಗೆಯಲ್ಲಿ ಆಗಲೇ ಇದೆ. ಇಷ್ಟೊಂದನ್ನು ಕಲಿತು ಬಂದಿರುವ ಮಕ್ಕಳನ್ನು 'ಏನೂ ಬರಲ್ಲ' ಅಂತ ಯಾರಾದರೂ ಅಂದರೆ ನನಗೆ ತಡೆಯಲು ಆಗುವುದಿಲ್ಲ.

ಇನ್ನೊಬ್ಬ ಹುಡುಗ 'ಹೋಗುತ್ತಾನೆ' ಅನ್ನುವುದನ್ನು ನೋಡಿ "ಓಯ್ತಾನೆ" ಅಂತ ಓದಿದ. ಸರಿ ಅಂದೆ. ಅಕ್ಷರ ನೋಡಿ ಅರ್ಥ ಹಿಡಿದು ತನ್ನ ಮಾತಲ್ಲಿ ಹೇಳಿದವನು ಓದಿದ್ದಾನೆ, ಅಲ್ವಾ? ಅಕ್ಷರಕ್ಕೆ ತಕ್ಕ ಉಚ್ಚಾರಣೆ ಮುಂದೆ ಬರುತ್ತದೆ.

ಸಂಜೆ ಹೊರಡುವ ಹೊತ್ತಿಗೆ ಹವಾಮಾನ ನಕ್ಷೆಯ ಮೇಲಿನ 'ಸೂರ್ಯ' ಅನ್ನು ಬೆಳಗಿನ ಹುಡುಗಿ ಓದಲು ಹೋದಳು. "ಸೂ-ಯ-ರ." ತಟ್ಟಿ ನೋಡಿದಳು, ಮೂರು. ಬಾಯಲ್ಲಿ ಹೇಳಿ ತಟ್ಟಿದಳು, ಎರಡು. ಮೊದಲು ಹೇಳುವ ರಕಾರವನ್ನು ಮುಂದಿನ ಅಕ್ಷರ ಆದ ಮೇಲೆ ಬರೆಯುವ ಅರ್ಕಾವೊತ್ತಿನ ಪಾಠ ಇನ್ನೂ ದೂರ ಇತ್ತು. "ಮೊದಲು ಹೇಳೋದನ್ನ ಯಾಕ್ ಮಿಸ್ ಆಮೇಲೆ ಬರೆದವ್ರೆ?" ಅಂತ ಕೇಳಿದಳು. ಹಲಗೆ ಮೇಲೆ ಎರಡು ರೂಪವನ್ನೂ ಬರೆದು ತೋರಿಸಿದೆ, 'ಸೂರ್ಯ' ಮತ್ತು 'ಸೂರ‍್ಯ'. ಕೆಲವರು ಎರಡನೆಯ ಥರವೂ ಬರೆಯುತ್ತಾರೆ ಅಂದೆ. ಎರಡನೆಯದೇ ಸರಿ, ಹೇಳಿದ ಹಾಗೇ ಇದೆ ಅಂತ ಅವಳು ಅಂದಳು. ಮೂರನೇ ಕ್ಲಾಸಿನವನೊಬ್ಬ, ಪುಸ್ತಕದಲ್ಲಿ ಮೊದಲನೆಯದೇ ಇರೋದು ಅಂತ ವಾದಕ್ಕೆ ನಿಂತ. ಬ್ಯಾಗು ಹಾಕಿಕೊಂಡು ಗೇಟಿನವರೆಗೂ ಇಬ್ಬರೂ ಅದನ್ನೇ ಜಗಳ ಆಡುತ್ತಾ ಹೋದರು.