ಮಾನಿಟರಿಂಗ್ ಆಫ್ ಮಾಡುವುದಾದರೆ ಯಾವ ಸ್ವಿಚ್ಚು?

ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಪೇಪರಿನಲ್ಲಿ ಬಂದ ಕೂಡಲೇ ಮಂಗಳೂರು, ಉಡುಪಿ, ಮಣಿಪಾಲದ ಆಫೀಸುಗಳಲ್ಲಿ ಸರ್ವರ್ ನೋಡಿಕೊಳ್ಳುವವರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ನಾಳೆ ಮಾನಿಟರಿಂಗ್ ಆಫ್ ಮಾಡಿಡುವುದಾ? ಮಾಡಬೇಡಿ ಮಾರಾಯ್ರೆ. ನಿಮಗೆ ಬೇಡವಾದದ್ದು ಒಂದರ ಹಿಂದೊಂದು ಬರುವ ಅಲರ್ಟ್ ಮೆಸೇಜು, ಡೇಟಾ ಅಲ್ಲ. ಸರ್ವರ್ ಇಳಿಸುವಾಗ ಮತ್ತು ಪುನಃ ಏರಿಸುವಾಗ ಏನಾಯಿತು ಎಂಬ ಲೆಕ್ಕವೇ ಆಮೇಲೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು.

ನಮ್ಮ ಕಡೆ ತುಂಬ ಬಳಕೆಯಲ್ಲಿರುವ ಜೋಡಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಜಾವಾ ಆಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರಿನ ಒಳಗೆ ಜೆಎಂಎಕ್ಸ್ ಎಕ್ಸ್‌ಪೋರ್ಟರ್ ಎಂಬ ಏಜೆಂಟ್ ಅದರ ಅಂಕಿಗಳನ್ನು ತೆರೆದಿಡುತ್ತದೆ. ಸಂಗ್ರಹದ ಕೆಲಸ ಮಾಡುವ ಪ್ರೊಮಿಥಿಯಸ್ ಬಂದು ಅವನ್ನು ಎಳೆದುಕೊಂಡು ಹೋಗುತ್ತದೆ. ಅಲರ್ಟ್‌ಮ್ಯಾನೇಜರ್ ಸುದ್ದಿ ಕಳಿಸುತ್ತದೆ. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಒಂದರ ಕೆಲಸಕ್ಕೆ ಇನ್ನೊಂದನ್ನು ಒತ್ತಿದಾಗಲೇ ತೊಂದರೆ ಶುರು.

ಕರೆಂಟು ಹೋಗುವ ದಿನಕ್ಕೆ ಬೇಕಾದದ್ದು ಅಲರ್ಟ್‌ಮ್ಯಾನೇಜರಿನ ಸೈಲೆನ್ಸ್ (ಇಷ್ಟು ಹೊತ್ತು ಅಲರ್ಟ್ ಕಳಿಸಬೇಡ ಎಂಬ ಸೂಚನೆ) ಮಾತ್ರ. 9093ನೇ ಪೋರ್ಟಿನ ಪುಟದಲ್ಲಿ ಹೊಸ ಸೈಲೆನ್ಸ್ ತೆರೆದು, ಇನ್‌ಸ್ಟೆನ್ಸ್ ಲೇಬಲ್ (ಯಾವ ಸರ್ವರ್ ಎಂಬ ಗುರುತು) ಕೊಟ್ಟು, ಶುರು ಮತ್ತು ಕೊನೆಯ ಹೊತ್ತು ತುಂಬಿ. ಪ್ರಕಟಣೆಯಲ್ಲಿ ಸಂಜೆ 5 ಎಂದಿದ್ದರೆ ಕೊನೆಯನ್ನು 6ಕ್ಕೋ 6.30ಕ್ಕೋ ಇಡಿ. ಕರೆಂಟು ಬಂದ ಮೇಲೂ ಆಪ್ ಪೂರ್ತಿ ಏಳಲು ಸ್ವಲ್ಪ ಹೊತ್ತು ಬೇಕು. ಇಲ್ಲಿ ಎಡವುವವರು ಬಹಳ: ರೆಜೆಕ್ಸ್ (ಹೆಸರು ಹೊಂದಿಸುವ ಮಾದರಿ) ಬರೆದರೆ ಅದು ಲೇಬಲ್‌ನ ಇಡೀ ಮೌಲ್ಯಕ್ಕೆ ಹೊಂದಬೇಕು, ಒಂದು ತುಂಡಿಗೆ ಹೊಂದಿದರೆ ಸಾಲದು. ಇನ್‌ಸ್ಟೆನ್ಸ್ ಲೇಬಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಜತೆ ಕೋಲನ್ ಹಾಕಿ ಪೋರ್ಟ್ ಸಂಖ್ಯೆಯೂ ಇರುತ್ತದೆ. ಬರೀ ಹೋಸ್ಟ್ ಹೆಸರು ಬರೆದರೆ ಸೈಲೆನ್ಸ್ ಕೂತಿದೆ ಎಂದು ಕಾಣುತ್ತದೆ, ಅಲರ್ಟ್ ಮಾತ್ರ ನಿಲ್ಲುವುದಿಲ್ಲ. ಹೆಸರಿನ ಕೊನೆಗೆ ಕೋಲನ್, ಚುಕ್ಕಿ, ನಕ್ಷತ್ರ ಹಾಕಿ. ಆಗ ಅದೇ ಮೆಷಿನ್ನಿನ 9100ನೇ ಪೋರ್ಟಿನಲ್ಲಿರುವ, ಮೆಷಿನ್ನಿನದೇ ಅಂಕಿ ಕೊಡುವ ನೋಡ್ ಎಕ್ಸ್‌ಪೋರ್ಟರ್ ಕೂಡ ಸೇರಿಕೊಳ್ಳುತ್ತದೆ. ಸೈಲೆನ್ಸ್‌ನ ದೊಡ್ಡ ಗುಣ ಎಂದರೆ ಅದು ತಾನಾಗಿ ಮುಗಿಯುತ್ತದೆ. 6.30ಕ್ಕೂ ಸರ್ವರ್ ಎದ್ದಿರದಿದ್ದರೆ ಅಲರ್ಟ್ ಬಂದೇ ಬರುತ್ತದೆ. ರೂಲ್ ಫೈಲಿನಲ್ಲಿ ಸಾಲುಗಳನ್ನು ಕಾಮೆಂಟ್ ಮಾಡಿ ಇಡುವವರಿಗೆ ಈ ಅನುಕೂಲ ಇಲ್ಲ.

ನಿಜವಾಗಿಯೂ ಸಂಗ್ರಹ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ: ಸರ್ವರ್ ನಿವೃತ್ತಿಯಾಗುತ್ತಿದೆ, ಅಥವಾ ಸ್ವಲ್ಪ ದಿನ ಬೇರೆ ಪ್ರಯೋಗಕ್ಕೆ ಹೋಗುತ್ತಿದೆ. ಅದಕ್ಕೆ ಟಾರ್ಗೆಟ್‌ಗಳನ್ನು (ಅಂಕಿ ಎಳೆಯಬೇಕಾದ ಸರ್ವರ್‌ಗಳನ್ನು) ಪ್ರೊಮಿಥಿಯಸ್‌ನ ಮುಖ್ಯ ಕಾನ್ಫಿಗ್‌ನಲ್ಲಿ ಬರೆಯದೆ ಫೈಲ್ ಸರ್ವೀಸ್ ಡಿಸ್ಕವರಿಯಲ್ಲಿ, ಅಂದರೆ ಬೇರೆಯೇ ಪಟ್ಟಿ ಫೈಲಿನಲ್ಲಿ, ಇಡಿ. ಫೈಲಿನಿಂದ ಹೆಸರು ತೆಗೆದು ಸೇವ್ ಮಾಡಿದರೆ ಸಾಕು, ರಿಲೋಡ್ ಬೇಡ. ಮುಖ್ಯ ಕಾನ್ಫಿಗ್ ಮುಟ್ಟಿದರೆ ಮೊದಲು ಅದರ ಜತೆ ಬರುವ ಪ್ರಾಮ್‌ಟೂಲ್‌ನಿಂದ ಪರೀಕ್ಷಿಸಿ, ಆಮೇಲೆ ಪುನಃ ಓದಿಕೊ ಎಂಬ ಸಿಗ್‌ಹಪ್ ಸಿಗ್ನಲ್ ಕಳಿಸಿ. ಕಾನ್ಫಿಗ್ ಬರೆಯುವ ಯಾಮಲ್‌ನಲ್ಲಿ ಇಂಡೆಂಟ್ ತಪ್ಪಿದ್ದರೆ ಪ್ರೊಮಿಥಿಯಸ್ ಹೊಸ ಕಾನ್ಫಿಗ್ ತಿರಸ್ಕರಿಸಿ ಹಳೆಯದರಲ್ಲೇ ಓಡುತ್ತಿರುತ್ತದೆ, ನೀವು ಆಫ್ ಆಗಿದೆ ಎಂದುಕೊಂಡಿರುತ್ತೀರಿ.

ಅಪಾಯ ಇರುವುದು ಇಲ್ಲಿ. ಏಜೆಂಟ್ ನಿಂತರೆ ‘ಅಪ್’ ಎಂಬ ಮೆಟ್ರಿಕ್ 0 ಆಗುತ್ತದೆ, ಅಲರ್ಟ್ ಬರುತ್ತದೆ. ಆದರೆ ಪಟ್ಟಿಯಿಂದಲೇ ಹೆಸರು ತೆಗೆದರೆ ಆ ಸಾಲೇ ಮಾಯ. ಸೊನ್ನೆಯೂ ಇಲ್ಲ, ಒಂದೂ ಇಲ್ಲ. ಮೂರು ವಾರ ಬಿಟ್ಟು ಆ ಸರ್ವರ್ ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ರೂಲ್ ಕಡ್ಡಾಯ ಇರಲಿ: ಟಾಮ್‌ಕ್ಯಾಟ್ ಜಾಬ್‌ನ ‘ಅಪ್’ ಸಾಲುಗಳ ಕೌಂಟ್ ಇರಬೇಕಾದ ಸರ್ವರ್‌ಗಳ ಸಂಖ್ಯೆಗಿಂತ ಕಡಿಮೆಯಾದರೆ ಅಲರ್ಟ್. ಎಲ್ಲ ಸಾಲುಗಳೂ ಹೋದರೆ ಕೌಂಟ್ 0 ಕೊಡುವುದಿಲ್ಲ, ಖಾಲಿ ಉತ್ತರ ಕೊಡುತ್ತದೆ. ಅದಕ್ಕೆ ‘ಆಬ್ಸೆಂಟ್’ ಫಂಕ್ಷನ್‌ನ ಇನ್ನೊಂದು ರೂಲ್ ಬೇಕು.

ಏಜೆಂಟನ್ನೇ ತೆಗೆಯುವುದು ಕೊನೆಯ ದಾರಿ, ಏಕೆಂದರೆ ಅದಕ್ಕೆ ಟಾಮ್‌ಕ್ಯಾಟ್ ಓಡುವ ಜೆವಿಎಂ (ಜಾವಾ ವರ್ಚುವಲ್ ಮೆಷಿನ್) ರೀಸ್ಟಾರ್ಟ್ ಆಗಬೇಕು. ಏಜೆಂಟ್ ಸಾಲನ್ನು ಟಾಮ್‌ಕ್ಯಾಟಿನ ಸೆಟ್‌ಎನ್ವ್ ಫೈಲಿನಲ್ಲಿ ಕ್ಯಾಟಲಿನಾ ಆಪ್ಟ್ಸ್ (CATALINA_OPTS) ಎಂಬಲ್ಲಿಗೆ ಸೇರಿಸಿ, ಜಾವಾ ಆಪ್ಟ್ಸ್‌ಗೆ (JAVA_OPTS) ಅಲ್ಲ. ಜಾವಾ ಆಪ್ಟ್ಸ್ ಅನ್ನು ಟಾಮ್‌ಕ್ಯಾಟ್ ನಿಲ್ಲಿಸುವ ಕಮಾಂಡ್ ಕೂಡ ಓದುತ್ತದೆ. ಆ ಕಮಾಂಡ್‌ಗೆಂದು ಹುಟ್ಟುವ ಇನ್ನೊಂದು ಜೆವಿಎಂ ಅದೇ ಪೋರ್ಟ್ ಹಿಡಿಯಲು ಹೋಗಿ, ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂಬ ಎರರ್ ಕೊಟ್ಟು ಸಾಯುತ್ತದೆ. ಟಾಮ್‌ಕ್ಯಾಟ್ ನಿಲ್ಲುವುದೇ ಇಲ್ಲ. ಯುಪಿಎಸ್ ಬ್ಯಾಟರಿ ಇಳಿಯುತ್ತಿರುವ ಹೊತ್ತಿನಲ್ಲಿ ಇದು ಗೊತ್ತಾದರೆ ಕಿಲ್ ಮಾಡುವುದೊಂದೇ ಉಳಿಯುತ್ತದೆ.

ಲೋಡ್ ಹೆಚ್ಚಾಯಿತೆಂದು ಏಜೆಂಟ್ ತೆಗೆಯಲು ಹೊರಟಿದ್ದರೆ ಮೊದಲು ಅದರ ಕಾನ್ಫಿಗ್ ನೋಡಿ. ಎಲ್ಲ ಎಂಬೀನ್‌ಗಳನ್ನೂ (ಜಾವಾ ಒಳಗಿನ ಅಂಕಿಗಳ ಗುಂಪುಗಳು) ಬಾಚುವ ರೂಲ್ ಇದ್ದರೆ ಪ್ರತಿ ಸ್ಕ್ರೇಪ್, ಅಂದರೆ ಅಂಕಿ ಎಳೆಯುವ ಪ್ರತಿ ಸುತ್ತು, ನಿಧಾನವಾಗುತ್ತದೆ. ಸ್ಕ್ರೇಪ್ ಟೈಮ್‌ಔಟ್ ಡಿಫಾಲ್ಟ್ 10 ಸೆಕೆಂಡ್. ಅದು ಮೀರಿದರೆ ಬಂದಷ್ಟೂ ಬಿಸಾಕಿ ‘ಅಪ್’ 0 ಆಗುತ್ತದೆ. ಥ್ರೆಡ್ ಪೂಲ್, ರಿಕ್ವೆಸ್ಟ್ ಪ್ರೊಸೆಸರ್, ಡೇಟಾಸೋರ್ಸ್, ಇಷ್ಟನ್ನೇ ಸೇರಿಸಿದರೆ ದಿನನಿತ್ಯಕ್ಕೆ ಧಾರಾಳ. ಪಿಯುಸಿ ಫಲಿತಾಂಶ ಬಂದು ಕಾಲೇಜಿನ ಪ್ರವೇಶ ಅರ್ಜಿಗೆ ಜನ ಮುಗಿಬೀಳುವ ದಿನ ನೋಡಬೇಕಾದದ್ದೂ ಮೊದಲು ಇದನ್ನೇ: ಏಕಕಾಲಕ್ಕೆ ರಿಕ್ವೆಸ್ಟ್ ನೋಡಿಕೊಳ್ಳುವ ಡಿಫಾಲ್ಟ್ 200 ಥ್ರೆಡ್‌ಗಳಲ್ಲಿ ಎಷ್ಟು ಬ್ಯುಸಿ ಎಂದು.

ಟಾಮ್‌ಕ್ಯಾಟ್ ಬದಲು ಐಬಿಎಂನ ವೆಬ್‌ಸ್ಫಿಯರ್ ಸರ್ವರ್ ಇರುವಲ್ಲಿ ಸಂಗ್ರಹದ ಸ್ವಿಚ್ಚಿಗೆ ಪಿಎಂಐ ಎಂದು ಹೆಸರು. ಅದರ ರನ್‌ಟೈಮ್ ಟ್ಯಾಬಿನಲ್ಲಿ ಬದಲಿಸಿದ್ದು ತಕ್ಷಣ ಜಾರಿಯಾಗುತ್ತದೆ, ರೀಸ್ಟಾರ್ಟ್ ಆದರೆ ಹೋಗುತ್ತದೆ. ಕಾನ್ಫಿಗರೇಷನ್ ಟ್ಯಾಬಿನದು ರೀಸ್ಟಾರ್ಟ್ ಆದ ಮೇಲೆಯೇ ಜಾರಿ, ಆದರೆ ಉಳಿಯುತ್ತದೆ. ಬೇಸಿಕ್ ಮಟ್ಟ ಸದಾ ಇರಲಿ. ‘ಆಲ್’ ಅನ್ನು ಸಮಸ್ಯೆ ಹುಡುಕುವಾಗ ರನ್‌ಟೈಮ್‌ನಲ್ಲಿ ಮಾತ್ರ ಹಾಕಿ.

ನೋಡ್ ಎಕ್ಸ್‌ಪೋರ್ಟರ್‌ನಂಥವನ್ನು ಲಿನಕ್ಸ್‌ನ ಸಿಸ್ಟಮ್‌ಸಿಟಿಎಲ್ ಕಮಾಂಡಿನಿಂದ ಸ್ಟಾಪ್ ಮಾಡಿದರೆ ಎನೇಬಲ್ ಆಗಿರುವ ಸರ್ವೀಸ್ ಮುಂದಿನ ಬೂಟ್‌ನಲ್ಲಿ ಪುನಃ ಏಳುತ್ತದೆ. ಡಿಸೇಬಲ್ ಮಾಡಿದರೆ ಈಗ ಓಡುತ್ತಿರುವುದು ನಿಲ್ಲುವುದಿಲ್ಲ, ಮುಂದಿನ ಬೂಟ್‌ನಲ್ಲಿ ಏಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮಲ್ಲಿ ಈ ವ್ಯತ್ಯಾಸ ವಾರದೊಳಗೇ ಬಯಲಾಗುತ್ತದೆ. ಸರ್ವೀಸ್ ಮಾಡದೆ ನೋಹಪ್ ಕಮಾಂಡ್ ಹಾಕಿ ಕೈಯಾರೆ ಓಡಿಸಿದ್ದಂತೂ ಮೊದಲ ಸಿಡಿಲಿಗೇ ಹೋಗುತ್ತದೆ.

ಪುನಃ ಆನ್ ಮಾಡಿದ ಮೇಲೆ ಗ್ರಾಫ್ ಖಾಲಿ ಕಂಡರೆ ಗಾಬರಿ ಬೇಡ, ಅಂಕಿ ಎಷ್ಟು ಬೇಗ ಏರುತ್ತಿದೆ ಎನ್ನುವ ‘ರೇಟ್’ ಲೆಕ್ಕಕ್ಕೆ ಕನಿಷ್ಠ ಎರಡು ಸ್ಯಾಂಪಲ್ ಬೇಕು. ಸ್ಕ್ರೇಪ್ ಅಂತರ 1 ನಿಮಿಷ ಇದ್ದು ರೇಟ್ ಲೆಕ್ಕ ಹಾಕುವ ಅವಧಿಯೂ 1 ನಿಮಿಷವೇ ಆಗಿದ್ದರೆ ಗೆರೆ ಮೂಡುವುದೇ ಇಲ್ಲ. ಅಂತರದ ನಾಲ್ಕು ಪಟ್ಟು, ಅಂದರೆ 4 ನಿಮಿಷ ಕೊಟ್ಟು ನೋಡಿ. ಆಫ್ ಇದ್ದ ಹೊತ್ತಿನ ಅಂಕಿಗಳನ್ನು ಪ್ರೊಮಿಥಿಯಸ್ ಹಿಂದೆ ಹೋಗಿ ತರುವುದಿಲ್ಲ, ಆ ಜಾಗ ಖಾಲಿಯಾಗಿಯೇ ಇರುತ್ತದೆ.