ಕೆಡಿಸಿಬಿಟ್ಟಿದೀರಲ್ಲ ಸಾರ್

ಹಳೆ ಬಾಗಿಲು ಕೊಳ್ಳುವವನು ಭಾನುವಾರ ಊರಿನ ಮನೆಗೆ ಬಂದಿದ್ದ. ಕರೆಸಿದ್ದು ನಾನೇ. ಹೆಬ್ಬಾಗಿಲು ನೋಡಿದ, ಕಂಬ ನೋಡಿದ, ಕೊನೆಗೆ ಕೊಟ್ಟಿಗೆ ಹತ್ತಿರ ಬಂದ. ಬಾಗಿಲು ತಳ್ಳಿದ. ಬರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಮೇಲಿಂದ ಕೆಳಗೆ ನೋಡಿ, "ಛೇ, ರಿಪೇರಿ ಮಾಡಿ ಮಾಡಿ ಕೆಡಿಸಿಬಿಟ್ಟಿದೀರಲ್ಲ ಸಾರ್" ಅಂದ.

ಅಪ್ಪನ ಬಾಯಲ್ಲಿ ಎಲೆ ಅಡಿಕೆಯ ಕವಳ ಇತ್ತು. ಮಾತಾಡಲಿಲ್ಲ.

ಅಜ್ಜ ಮಾಡಿಸಿದ ಹಲಸಿನ ಕದ ಅದು. ಹಲಸಿನ ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ನಮ್ಮ ಸಾಗರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡಬೇಕಲ್ಲ. ಹೊರಗಿಂದ ಎರಚಲು, ಒಳಗಿಂದ ಗಂಜಳ. ಕದದ ಬುಡವೇ ಮೊದಲು ಹೋಗುವುದು. ಕೆಳಗಿನ ಒಂದು ಮೊಳ ಮೂರು ಸಲ ಬದಲಾಗಿದೆ. ಮೊದಲು ಮತ್ತಿ ಹಲಗೆ, ಆಮೇಲೆ ಅಡಿಕೆ ದಬ್ಬೆ, ಈಗ ಎಣ್ಣೆ ಡಬ್ಬ ಬಿಚ್ಚಿ ಬಡಿದ ತಗಡು. ಒಂದು ಕಡೆ ಮೈಲುತುತ್ತದ ನೀಲಿ ಕಲೆ. ಅಡಿಕೆಗೆ ಔಷಧಿ ಹೊಡೆದು ಬಂದವರು ಯಾರೋ ಕೈ ಒರೆಸಿದ್ದು.

ಮೊದಲು ಬಿಜಾಗರಿಯೂ ಇರಲಿಲ್ಲ. ಕದದ ತುದಿಯ ಗೂಟ ಹೊಸ್ತಿಲಿನ ಕುಳಿಯಲ್ಲಿ ತಿರುಗುತ್ತಿತ್ತು. ಕುಳಿ ಸವೆದ ಮೇಲೆ ಕಬ್ಬಿಣದ್ದು ಬಂತು, ಅದೂ ಮೇಲೊಂದು ತರಹ, ಕೆಳಗೊಂದು ತರಹ. ಹಾಗಾಗಿ ಬಾಗಿಲನ್ನು ಸ್ವಲ್ಪ ಎತ್ತಿ, ಮಂಡಿಯಲ್ಲಿ ಒತ್ತಬೇಕು. ಮನೆಯವರಿಗೆಲ್ಲ ಗೊತ್ತು. ಹಸು ಗೌರಿಗೂ ಗೊತ್ತು, ಮೂತಿಯಲ್ಲೇ ಎತ್ತುತ್ತಾಳೆ.

ಆ ಮನುಷ್ಯ ಕೆಟ್ಟವನೇನಲ್ಲ. ಕಾಫಿಗೆ ಸಕ್ಕರೆ ಜಾಸ್ತಿ ಕೇಳಿದ, ಅಷ್ಟೇ. ಅವನಿಗೆ ಯಾರೂ ಕೈ ಹಚ್ಚದ ಹಳತು ಬೇಕು. ಗಾಜು ಹಾಸಿ ಊಟದ ಮೇಜು ಮಾಡುತ್ತಾರಂತೆ. ಕೈ ಹಚ್ಚದೆ ಬಿಟ್ಟಿದ್ದರೆ ಕೊಟ್ಟಿಗೆ ಬಾಗಿಲು ಅವನು ಬರುವವರೆಗೆ ಎಲ್ಲಿರುತ್ತಿತ್ತು? ಒಲೆಯಲ್ಲಿ, ಅಲ್ವಾ?

ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ಅದೇ ಮಾತು ಕಿವಿಯಲ್ಲಿ. ಕೆಡಿಸಿಬಿಟ್ಟಿದೀರಲ್ಲ. ಸಿಟ್ಟು ಅವನ ಮೇಲೆ ಅಂದುಕೊಂಡಿದ್ದೆ. ಶಿವಮೊಗ್ಗ ದಾಟಿದ ಮೇಲೆ ನೆನಪಾಯಿತು, ಹೋದ ದೀಪಾವಳಿಗೆ ನಾನೇ ಅಪ್ಪನಿಗೆ ಹೇಳಿದ್ದೆ: "ಈ ತೇಪೆ ಸಾಕು, ಕಿತ್ತು ಹಾಕಿ ಒಂದು ಕಬ್ಬಿಣದ ಗೇಟ್ ಕೂರಿಸಿ." ಆಗಲೂ ಅವರ ಬಾಯಲ್ಲಿ ಕವಳ ಇತ್ತು.

ಅವನ ಕಾರು ಹೋದ ಮೇಲೆ ಅಪ್ಪ ಕವಳ ಉಗಿದು ಒಂದೇ ಮಾತು ಕೇಳಿದ್ದರು: "ಅವನಿಗೆ ತೆಗೆಯೋಕೇ ಬರ್ಲಿಲ್ಲ, ನೋಡಿದ್ಯಾ?"

ಮಂಗಳವಾರ ಅಮ್ಮನ ಫೋನು. "ತಗಡು ತುಕ್ಕು ಹಿಡಿದಿದೆಯಂತೆ ಮಾರಾಯ. ಎಣ್ಣೆ ಡಬ್ಬ ಬೇಗ ಖಾಲಿ ಮಾಡು ಅಂತ ನನ್ನ ಹಿಂದೆ ಬಿದ್ದಿದಾರೆ. ನಿನ್ನೆಯಿಂದ ಬರೀ ಹಪ್ಪಳ ಕರೀತಾ ಇದೀನಿ."